ಅಗ್ಗದ ಕ್ರಿಯಾವರ್ಧಕದ ಹುಡುಕಾಟ: ಲೋಹ–ಸಾವಯವ ಚೌಕಟ್ಟುಗಳು ಸಾಗಿಬಂದ ದಾರಿ

ಘಟಪ್ರಭಾ ನದಿಯು ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲವು 1887ರಷ್ಟು ಹಿಂದೆಯೇ ನೂಲಿನ ಗಿರಣಿಗಾಗಿ ದುಡಿಯತೊಡಗಿತ್ತು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಹಿಡಕಲ್ ಜಲಾಶಯದ ನೀರುಂಡು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಬ್ಬು ಸಕ್ಕರೆಯನ್ನಷ್ಟೇ ಅಲ್ಲದೆ, ಕಾರ್ಖಾನೆಗಳಲ್ಲಿ ಸಿಪ್ಪೆಯನ್ನು ಉರಿಸುವುದರಿಂದ ವಿದ್ಯುತ್ತನ್ನೂ ಕೊಡುತ್ತದೆ. ಆದರೆ ನದಿಯ ಬಲ ಮಳೆಗಾಲಕ್ಕೆ, ಸಿಪ್ಪೆಯ ಬಲ ನುರಿಸುವ ಹಂಗಾಮಿಗೆ, ಬಿಸಿಲಿನ ಬಲ ಹಗಲಿಗೆ ಕಟ್ಟುಬಿದ್ದಿರುವುದರಿಂದ, ಹೆಚ್ಚಾದಾಗ ಕೂಡಿಟ್ಟು ಕಡಿಮೆಯಾದಾಗ ಬಳಸುವ ಉಪಾಯವಿಲ್ಲದೆ ಇಂಥ ಸೀಮೆಯ ಶುದ್ಧ ಶಕ್ತಿ ಪೂರ್ಣವಾಗದು. ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯುವ ವಿದ್ಯುದ್ವಿಭಜನೆಯು ಆ ಉಪಾಯಗಳಲ್ಲೊಂದು.

ನಿಕಲ್ಸನ್ ಮತ್ತು ಕಾರ್ಲೈಲ್ 1800ರಲ್ಲೇ ತೋರಿಸಿಕೊಟ್ಟ ಈ ಕ್ರಿಯೆಗೆ ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ವಾಸ್ತವದಲ್ಲಿ ಯಂತ್ರಗಳು 1.8ರಿಂದ 2 ವೋಲ್ಟ್ ಬೇಡುತ್ತವೆ. ಈ ಹೆಚ್ಚುವರಿ ಒತ್ತಡಕ್ಕೆ ಅಧಿವಿಭವವೆಂದು ಹೆಸರು. ತಾನು ವ್ಯಯವಾಗದೆ ಅದನ್ನು ತಗ್ಗಿಸಿ ಕ್ರಿಯೆಯನ್ನು ಚುರುಕುಗೊಳಿಸುವ, ವಿದ್ಯುದ್ವಾರದ ಮೇಲಿನ ಪದಾರ್ಥವೇ ವಿದ್ಯುತ್ ಕ್ರಿಯಾವರ್ಧಕ. ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಉಳಿದರೂ ಪ್ರತಿ ಕಿಲೊ ಜಲಜನಕಕ್ಕೆ ಸುಮಾರು 2.7 ಯೂನಿಟ್ ವಿದ್ಯುತ್ ಉಳಿಯುತ್ತದೆ. ನೀರೊಡೆಯುವ ಎರಡು ಅರ್ಧಗಳಲ್ಲಿ ಜಲಜನಕದ ಕಡೆ ಸುಲಭ. ನಾಲ್ಕು ಎಲೆಕ್ಟ್ರಾನುಗಳನ್ನು ಕೈಬದಲಾಯಿಸಬೇಕಾದ ಆಮ್ಲಜನಕದ ಕಡೆಯೇ ತೊಡಕಿನದು.

ಆಮ್ಲೀಯ ಪೊರೆಯ ಯಂತ್ರಗಳಲ್ಲಿ ಈ ಎರಡು ಕಡೆಯ ಕೆಲಸಕ್ಕೆ ಕ್ರಮವಾಗಿ ಪ್ಲಾಟಿನಂ ಮತ್ತು ಇರಿಡಿಯಂ ಬೇಕು. ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳವಾದ ಲೋಹಗಳಲ್ಲೊಂದು. ಕ್ಷಾರೀಯ ಯಂತ್ರಗಳಲ್ಲಿ ಮಾತ್ರ ನಿಕ್ಕೆಲ್ ಬಹಳ ಹಿಂದಿನಿಂದಲೂ ದುಡಿಯುತ್ತಿದೆ. ಈ ವ್ಯತ್ಯಾಸವನ್ನು ಮರೆತು, ಕ್ಷಾರದಲ್ಲಿ ಪರೀಕ್ಷಿಸಿದ ಹೊಸ ಪದಾರ್ಥವನ್ನು ಇರಿಡಿಯಂ ಆಕ್ಸೈಡಿನೊಂದಿಗೆ ಹೋಲಿಸಿ ಗೆಲುವನ್ನು ಘೋಷಿಸುವ ಪ್ರಬಂಧಗಳು ಹೇರಳವಾಗಿವೆ. ನ್ಯಾಯವಾದ ಹೋಲಿಕೆ ನಡೆಯಬೇಕಾದದ್ದು ಅಗ್ಗದ ನಿಕ್ಕೆಲ್ ಜಾಲರಿಯೊಂದಿಗೆ.

ಲೋಹದ ಅಯಾನುಗಳನ್ನು ಗಂಟುಗಳಾಗಿಯೂ ಸಾವಯವ ಅಣುಗಳನ್ನು ಅವುಗಳ ನಡುವಣ ಸರಳುಗಳಾಗಿಯೂ ಜೋಡಿಸಿದಾಗ ಉಂಟಾಗುವ, ಒಳಗೆಲ್ಲ ಕ್ರಮಬದ್ಧ ರಂಧ್ರಗಳಿರುವ ಹರಳುಗಳೇ ಅಗ್ಗದ ಕ್ರಿಯಾವರ್ಧಕದ ಹುಡುಕಾಟದಲ್ಲಿ ಮುಂದೆ ಬಂದ ಲೋಹ–ಸಾವಯವ ಚೌಕಟ್ಟುಗಳು (ಮಾಫ್). ರಿಚರ್ಡ್ ರಾಬ್ಸನ್ 1989ರಲ್ಲಿ ಇಂಥ ಜಾಲದ ಕಲ್ಪನೆಗೆ ತಳಪಾಯ ಹಾಕಿದರು. ಸುಸುಮು ಕಿಟಗಾವಾ 1997ರಲ್ಲಿ ಇವು ಅನಿಲಗಳನ್ನು ಒಳಗೊಳ್ಳಬಲ್ಲವೆಂದು ತೋರಿಸಿದರು. ಒಮರ್ ಯಾಘಿ 1995ರಲ್ಲಿ ಹೆಸರನ್ನೂ 1999ರಲ್ಲಿ ಮಾಫ್-5 ಎಂಬ ಗಟ್ಟಿ ಚೌಕಟ್ಟನ್ನೂ ಕೊಟ್ಟರು. 2025ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರದಾಯಿತು. ಮಾಫ್-5ರ ಒಂದು ಗ್ರಾಂ ಪುಡಿಯ ಒಳಮೈ ಸುಮಾರು 2,900 ಚದರ ಮೀಟರ್, ಅಂದರೆ 28 ಗುಂಟೆ ಹೊಲಕ್ಕಿಂತ ತುಸು ಹೆಚ್ಚು. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಾದ್ದರಿಂದ ಕ್ರಿಯಾವರ್ಧಕದ ಸಂಶೋಧಕರ ಕಣ್ಣು ಇದರ ಮೇಲೆ ಬಿದ್ದದ್ದು ಸಹಜವೇ. ಅಡ್ಡಿಯೆಂದರೆ, ಇವುಗಳಲ್ಲಿ ಬಹುಪಾಲು ವಿದ್ಯುತ್ತನ್ನು ಹರಿಯಗೊಡವು.

ಈ ಅಡ್ಡಿಗೆ ಸಿಕ್ಕ ಮೊದಲ ಪರಿಹಾರ ಚೌಕಟ್ಟನ್ನೇ ಸುಡುವುದಾಗಿತ್ತು. 2008ರಲ್ಲಿ ಜಪಾನಿನ ಛಿಯಾಂಗ್ ಶು ತಂಡವು ಮಾಫ್-5ರ ರಂಧ್ರಗಳಲ್ಲಿ ಫರ್ಫ್ಯುರಿಲ್ ಆಲ್ಕೊಹಾಲನ್ನು ತುಂಬಿ, ಗಾಳಿಯಿಲ್ಲದೆ ಕಾಯಿಸಿ, ರಂಧ್ರಮಯ ಇಂಗಾಲವನ್ನು ಪಡೆಯಿತು. ಈ ಆಲ್ಕೊಹಾಲಿನ ಮೂಲವಾದ ಫರ್ಫ್ಯುರಾಲನ್ನು ಕಬ್ಬಿನ ಸಿಪ್ಪೆಯಿಂದಲೂ ಗೋವಿನಜೋಳದ ತೆನೆಯ ಬೆಂಡಿನಿಂದಲೂ ತಯಾರಿಸುತ್ತಾರೆಂಬುದು ಘಟಪ್ರಭಾ ಸೀಮೆಯ ಓದುಗರ ಗಮನಕ್ಕೆ ಬರಬೇಕಾದ ಸಂಗತಿ. ಸತು ಮತ್ತು ಇಮಿಡಜೋಲ್ ಜಾತಿಯ ಅಣುಗಳಿಂದಾದ ಜಿಫ್-8 ಈ ದಾರಿಯನ್ನು ಇನ್ನಷ್ಟು ಮುಂದಕ್ಕೊಯ್ದಿತು. ಇದನ್ನು 907 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೆ ಸತು ಆವಿಯಾಗಿ ಹೊರಟುಹೋಗುತ್ತದೆ, ಸಾರಜನಕ ಮಾತ್ರ ಇಂಗಾಲದಲ್ಲಿ ಹುದುಗಿ ಉಳಿಯುತ್ತದೆ. ಮೊದಲೇ ಕಬ್ಬಿಣ ಅಥವಾ ಕೋಬಾಲ್ಟನ್ನು ಬೆರೆಸಿದ್ದರೆ ಅದರ ಪರಮಾಣುಗಳು ಗುಂಪುಗೂಡದೆ ಒಂಟಿಯಾಗಿ ಸಾರಜನಕಕ್ಕೆ ಅಂಟಿಕೊಳ್ಳುತ್ತವೆ. 2011ರಲ್ಲಿ ಕೆನಡಾದ ದೊದೆಲೆ ತಂಡವು ಜಿಫ್-8ರಿಂದ ಮಾಡಿದ ಕಬ್ಬಿಣದ ಕ್ರಿಯಾವರ್ಧಕವನ್ನು, ಜಲಜನಕ–ಆಮ್ಲಜನಕಗಳನ್ನು ಮತ್ತೆ ಕೂಡಿಸಿ ವಿದ್ಯುತ್ ಪಡೆಯುವ ಇಂಧನಕೋಶದಲ್ಲಿ, ಪ್ಲಾಟಿನಂಗೆ ಪೈಪೋಟಿಯಾಗಿ ನಿಲ್ಲಿಸಿತು. ಪ್ರತಿಯೊಂದು ಲೋಹದ ಪರಮಾಣುವೂ ಕೆಲಸಕ್ಕೆ ಬೀಳುವ ಈ ಮಿತವ್ಯಯವೇ ಈ ಕ್ಷೇತ್ರದ ಅತ್ಯಂತ ಬೆಲೆಬಾಳುವ ಸಾಧನೆ.

ಸುಡದೆ ಬಳಸುವ ಪ್ರಯತ್ನಗಳೂ ಜೊತೆಜೊತೆಗೆ ಬೆಳೆದವು. ವಿದ್ಯುತ್ ಹರಿಸುವ ನಿಕ್ಕೆಲ್ ಚೌಕಟ್ಟೊಂದನ್ನು ಮಿರ್ಚಾ ದಿಂಕಾ ತಂಡ 2014ರಲ್ಲಿ ತಯಾರಿಸಿತು. 2016ರಲ್ಲಿ ಚೀನಾದಲ್ಲಿ ನಿಕ್ಕೆಲ್–ಕೋಬಾಲ್ಟ್ ಚೌಕಟ್ಟಿನ ಅತಿತೆಳು ಹಾಳೆಗಳು ಆಮ್ಲಜನಕದ ಕಡೆಯ ಕೆಲಸಕ್ಕೆ ಒದಗಿದವು. ಆದರೆ ಕ್ಷಾರದಲ್ಲಿ ವಿದ್ಯುತ್ ಹರಿದಾಗ ಹಲವು ಚೌಕಟ್ಟುಗಳು ಒಡೆದು ಲೋಹದ ಆಕ್ಸಿಹೈಡ್ರಾಕ್ಸೈಡ್ ಆಗುತ್ತವೆಂದು ಮುಂದೆ ತಿಳಿಯಿತು. ಹಾಗಾದರೆ ದುಡಿಯುತ್ತಿರುವುದು ಚೌಕಟ್ಟೋ ಅದರ ಅವಶೇಷವೋ ಎಂಬ ಪ್ರಶ್ನೆಗೆ ಉತ್ತರಿಸದ ಯಾವ ವರದಿಯನ್ನೂ ಪೂರ್ಣವೆನ್ನಲಾಗದು. ಕ್ಷಾರದ್ರಾವಣದಲ್ಲಿ ಅರಿವಿಲ್ಲದೆ ಬೆರೆತ ಕಬ್ಬಿಣದ ಲವಲೇಶವೇ ನಿಕ್ಕೆಲ್‌ನ ಚುರುಕುತನಕ್ಕೆ ದೊಡ್ಡ ಕಾರಣವೆಂದು 2014ರಲ್ಲಿ ಬೋಯೆಚರ್ ತಂಡ ತೋರಿಸಿದ್ದು ಈ ಎಚ್ಚರವನ್ನು ಇನ್ನೂ ಹೆಚ್ಚಿಸಿತು.

ಕರ್ನಾಟಕದಲ್ಲಿ ಈ ಬಗೆಯ ಪದಾರ್ಥಗಳ ಅಧ್ಯಯನಕ್ಕೆ ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ನೆಲೆಯಾಯಿತು. ಸಿ.ಎನ್.ಆರ್. ರಾವ್ ಅವರು ತೆರೆದ ಚೌಕಟ್ಟಿನ ಘನಪದಾರ್ಥಗಳ ಮೇಲೆ ವ್ಯಾಪಕವಾಗಿ ದುಡಿದರೆ, 2019ರ ಭಟ್ನಾಗರ್ ಪ್ರಶಸ್ತಿ ಪಡೆದ ತಪಸ್ ಕುಮಾರ್ ಮಾಜಿ ಅವರ ತಂಡವು ಲೋಹ–ಸಾವಯವ ಚೌಕಟ್ಟುಗಳನ್ನೇ ಮುಖ್ಯ ವಿಷಯವಾಗಿಸಿಕೊಂಡಿತು. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳೊಂದಿಗೆ ಮಂಜೂರಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕದ ಉತ್ಪಾದನೆಯ ಗುರಿಯಿಟ್ಟಿದೆ.

ಇಂಥ ಗುರಿಗೂ ಪ್ರಯೋಗಾಲಯದ ಫಲಿತಾಂಶಕ್ಕೂ ನಡುವೆ ಅಂತರವಿದೆ. ಪ್ರಯೋಗಾಲಯದ ಅಳತೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಪ್ರವಾಹದಲ್ಲಿ, ಕೆಲವು ಗಂಟೆ ಅಥವಾ ಕೆಲವು ದಿನ ನಡೆಯುತ್ತದೆ. ಕಾರ್ಖಾನೆಯ ಯಂತ್ರ ನೂರಾರು ಮಿಲಿಆಂಪಿಯರ್ ಪ್ರವಾಹದಲ್ಲಿ ವರ್ಷಗಟ್ಟಲೆ ಓಡಬೇಕು. ಹಂಗಾಮಿನಲ್ಲಿ ಓಡಿ ಆಮೇಲೆ ನಿಲ್ಲುವ, ಮೋಡ ಕವಿದಾಗ ತಗ್ಗಿ ಬಿಸಿಲು ಬಂದಾಗ ಏರುವ ಹುಕ್ಕೇರಿ–ಮೂಡಲಗಿ ಸೀಮೆಯಂಥ ಕಡೆಗಳ ವಿದ್ಯುತ್ತಿಗೆ ಇನ್ನೂ ಕಠಿಣವಾದ ಪರೀಕ್ಷೆ ಬೇಕು, ಏಕೆಂದರೆ ಕ್ಷಾರೀಯ ಯಂತ್ರ ನಿಂತಾಗ ಹಿಮ್ಮುಖವಾಗಿ ಹರಿಯುವ ಪ್ರವಾಹವು ವಿದ್ಯುದ್ವಾರಗಳನ್ನು ಸವೆಸುತ್ತದೆ. ಸಾವಯವ ಸರಳಿನ ಬೆಲೆ, ತಯಾರಿಕೆಯ ದ್ರಾವಕವನ್ನು ಮರಳಿ ಪಡೆಯುವ ಖರ್ಚು, ಕುಲುಮೆಯ ಇಂಧನ, ಇವೆಲ್ಲ ಸೇರಿಯೇ ಕ್ರಿಯಾವರ್ಧಕದ ನಿಜವಾದ ಬೆಲೆ. ನೀರಿನಲ್ಲೇ, ಕೋಣೆಯ ಉಷ್ಣತೆಯಲ್ಲೇ ಜಿಫ್-8 ತಯಾರಿಸುವ ವಿಧಾನಗಳು ಈಗಾಗಲೇ ಇರುವುದರಿಂದ, ಸಂಶೋಧನೆಯ ಮುಂದಿನ ಶ್ರಮ ಸಲ್ಲಬೇಕಾದದ್ದು ನಿಂತು ಮತ್ತೆ ಓಡಿದರೂ ಸವೆಯದ ಬಾಳಿಕೆಗೆ.