ಪರಂಗಿ ಹಾಲಿನಿಂದ ಸಿಡಿ6ರವರೆಗೆ

ತುಮಕೂರಿನ ಮರಳೂರಿನಿಂದ ದಿನಾ ರೈಲು ಹಿಡಿದು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿಬರುವ ನನಗೆ ಈ ಚರಿತ್ರೆ ಬಲು ಹತ್ತಿರದ್ದು. 1978ರಲ್ಲಿ ಕಿರಣ್ ಮಜುಂದಾರ್ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದಾಗ ಅಲ್ಲಿ ತಯಾರಾಗುತ್ತಿದ್ದದ್ದು ಪರಂಗಿಕಾಯಿಯ ಹಾಲಿನ ಪಪೈನ್, ಮೀನಿನ ಐಸಿಂಗ್ಲಾಸ್. ಅದೇ ಕಂಪನಿ, ಕ್ಯೂಬಾದ ವಿಜ್ಞಾನಿಗಳೊಡನೆ ಕೂಡಿ, 2013ರಲ್ಲಿ ಸೋರಿಯಾಸಿಸ್‌ಗೆ ಇಟೊಲಿಜುಮ್ಯಾಬ್ ಎಂಬ ಮದ್ದು ತಂದಿತು. ಅದು ಹಿಡಿಯುವುದು ಟಿ ಕೋಶದ ಮೇಲಿನ ಸಿಡಿ6 ಗ್ರಾಹಕವನ್ನು.

ಇಂಥ ಹಿಡಿತ ಅಳೆಯಲೆಂದೇ ಗ್ರಾಹಕ ಪ್ರೋಟೀನಿಗೆ ಬಯೋಟಿನ್ ಅಂಟಿಸುತ್ತಾರೆ. 1936ರಲ್ಲಿ ಮೊಟ್ಟೆಯ ಹಳದಿಯಿಂದ ಬೇರ್ಪಡಿಸಿದ ವಿಟಮಿನ್ ಅದು. ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಬಳಿದ, ಪರೀಕ್ಷಾ ತಟ್ಟೆಯ ಗುಳಿಯಲ್ಲಿ ಒಮ್ಮೆ ಕಚ್ಚಿಕೊಂಡರೆ ಎಷ್ಟು ತೊಳೆದರೂ ಬಿಡದು. ಆಮೇಲೆ ಮದ್ದು ಹಾಕಿ, ಅದಕ್ಕೆ ಅಂಟುವ ಕಿಣ್ವವನ್ನೂ ಬಣ್ಣ ಕೊಡುವ ದ್ರಾವಣವನ್ನೂ ಸೇರಿಸಿದರೆ, ಮದ್ದು ಕೂತ ಗುಳಿ ಮೆಲ್ಲಗೆ ನೀಲಿಯಾಗುತ್ತದೆ. ಆಮ್ಲ ಬಿದ್ದೊಡನೆ ಹಳದಿ. ಆ ಬಣ್ಣ ನೋಡುವುದೆಂದರೆ ನನಗೆ ಇಂದಿಗೂ ಹಿಗ್ಗು.

ತುಮಕೂರಿನ ಜೀವವಿಜ್ಞಾನದ ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಬನ್ನಿ.