ಗೊಂಬೆಯ ಬೆಲೆ, ಕಾಯಕದ ಬೆಲೆ



ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಹೋಗುವವರಿಗೆ ನೆರೆಯ ಚನ್ನಪಟ್ಟಣದ ಗೊಂಬೆಯಂಗಡಿಗಳು ಕಣ್ಣಿಗೆ ಬೀಳದಿರವು. ಹಾಲೆಮರವನ್ನು ಒಣಗಿಸಿ, ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ, ತಾಳೆಗರಿಯಿಂದ ಹೊಳಪು ತರುವುದು ಇಲ್ಲಿಯ ಕ್ರಮ. ಟಿಪ್ಪುಸುಲ್ತಾನನ ಆಶ್ರಯದಲ್ಲಿ ಪಾರಸೀಕ ಕುಶಲಿಗರು ಇದನ್ನು ಕಲಿಸಿದರೆಂಬುದು ಐತಿಹ್ಯ. ಅಂದರೆ ಈ ಕಸುಬು ಪೇಟೆಯೊಂದನ್ನೇ ನಂಬಿ ಬೆಳೆದುದಲ್ಲ.

ಕೊಳ್ಳುವವನ ಇಚ್ಛೆಯೇ ಪ್ರಮಾಣ, ಅರಸು ನಡುವೆ ಬರಬಾರದು ಎಂಬುದು ಸ್ವಾತಂತ್ರ್ಯವಾದಿಗಳ ಮತ. 1991ರ ಉದಾರೀಕರಣವೂ 2001ರಲ್ಲಿ ಆಮದಿನ ಪ್ರಮಾಣ ನಿರ್ಬಂಧಗಳು ತೊಲಗಿದುದೂ ಆ ಮತದತ್ತ ಇಟ್ಟ ಹೆಜ್ಜೆಗಳೇ. ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆಗಳು ತುಂಬಿದವು. ಬಡವರ ಮಗುವಿಗೂ ಆಟಿಕೆ ದೊರೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಂಗಡಿಯಲ್ಲಿ ಕಾಣುವುದು ಬೆಲೆ. ಬಣ್ಣದೊಳಗಿನ ವಿಷವಾಗಲಿ ಕೈಯ ಹದವಾಗಲಿ ಕಾಣದು. ಎಷ್ಟೋ ಕುಶಲಿಗರ ಮಕ್ಕಳು ಬೇರೆ ದುಡಿಮೆ ಹಿಡಿದರು.

ಶೂನ್ಯಸಂಪಾದನೆಯ ನುಲಿಯ ಚಂದಯ್ಯನವರು ಇಲ್ಲಿ ನೆನಪಾಗುತ್ತಾರೆ. ತಮ್ಮ ಹಗ್ಗಕ್ಕೆ ತಕ್ಕುದಕ್ಕಿಂತ ಹೆಚ್ಚು ಹೊನ್ನು ಬಂದಾಗ ಅವರು ಒಲ್ಲೆನೆಂದರು. ಕೊಡುವವರು ಮನಸಾರೆ ಕೊಟ್ಟಿದ್ದರು, ಪೇಟೆಯ ನ್ಯಾಯದಲ್ಲಿ ತಪ್ಪೇನಿರಲಿಲ್ಲ. ಆದರೂ ಅಳತೆ ಕಾಯಕದೊಳಗಿತ್ತು.

2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗಳಿಗೆ ಅದರಿಂದ ವಿನಾಯಿತಿ ದೊರೆಯಿತು.