ವಿಸ್ಕಾನ್ಸಿನ್ ವಾಲಿಬಾಲ್ ತಂಡವನ್ನು ಮರಳಿ ಕಟ್ಟಿದ ಕೆಲ್ಲಿ ಶೆಫೀಲ್ಡ್

ಅಮೇರಿಕದ ಕಾಲೇಜು ವಾಲಿಬಾಲ್ ತರಬೇತುದಾರರ ಸಾಲಿನಲ್ಲಿ ಕೆಲ್ಲಿ ಶೆಫೀಲ್ಡ್ ಅವರದು ವಿಶಿಷ್ಟ ಸ್ಥಾನ. ಐದು ವರ್ಷಗಳ ಕಾಲ ರಾಷ್ಟ್ರೀಯ ಟೂರ್ನಿಯ ಬಾಗಿಲನ್ನೇ ಕಾಣದಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆಯನ್ನು 2013ರ ಋತುವಿಗೆ ವಹಿಸಿಕೊಂಡ ಅವರು, 2021ರಲ್ಲಿ ಆ ತಂಡಕ್ಕೆ ಇತಿಹಾಸದ ಪ್ರಥಮ ರಾಷ್ಟ್ರೀಯ ಪ್ರಶಸ್ತಿಯನ್ನು ತಂದುಕೊಟ್ಟರು. ಇನ್ನೊಂದು ಸಂಗತಿ ಗಮನಾರ್ಹ: ಅವರು ಕಾಲೇಜು ಮಟ್ಟದಲ್ಲಿ ವಾಲಿಬಾಲ್ ಆಡಿದವರೇ ಅಲ್ಲ.

ನಮ್ಮಲ್ಲಿ ವಿಶ್ವವಿದ್ಯಾಲಯದ ತಂಡವೆಂದರೆ ಅಂತರ ವಿಶ್ವವಿದ್ಯಾಲಯ ಪಂದ್ಯಾಟಕ್ಕೆ ಕೆಲವೇ ದಿನ ಮೊದಲು ಆಯ್ಕೆಯಾಗುವ ತಂಡ. ತರಬೇತಿಯ ಭಾರ ಬಹುಪಾಲು ದೈಹಿಕ ಶಿಕ್ಷಣ ನಿರ್ದೇಶಕರ ಹೆಗಲಿಗೆ. ಅಮೇರಿಕದ ವ್ಯವಸ್ಥೆ ಬೇರೆಯೇ. ಅಲ್ಲಿ ತರಬೇತುದಾರರು ಪೂರ್ಣಕಾಲಿಕ ನೌಕರರು. ಪ್ರೌಢಶಾಲೆಯಲ್ಲಿ ಓದುತ್ತಿರುವ ಆಟಗಾರ್ತಿಯರನ್ನು ಗುರುತಿಸಿ, ವಿದ್ಯಾರ್ಥಿವೇತನ ನೀಡಿ ಕರೆತರುವುದೂ ಅವರದೇ ಕೆಲಸ. ಡಿಸೆಂಬರ್‌ನಲ್ಲಿ ಮುಕ್ತಾಯವಾಗುವ ಎನ್‌ಸಿಎಎ ಟೂರ್ನಿಗೆ 64 ತಂಡಗಳಿಗೆ ಮಾತ್ರ ಪ್ರವೇಶ. ಅದು ತಪ್ಪಿದರೆ ಮರುವರ್ಷ ಒಳ್ಳೆಯ ಆಟಗಾರ್ತಿಯರು ಬೇರೆಡೆಗೆ ಮುಖಮಾಡುತ್ತಾರೆ. ಹೀಗೆ ಒಮ್ಮೆ ಕೆಳಗಿಳಿದ ತಂಡ ಮೇಲೇಳುವುದು ಕಠಿಣವಾಗುತ್ತದೆ.

ಶೆಫೀಲ್ಡ್ ಅವರ ಊರು ಇಂಡಿಯಾನಾ ರಾಜ್ಯದ ಮನ್ಸೀ. ಊರು ಸಣ್ಣದಾದರೂ ವಾಲಿಬಾಲ್ ನಕಾಶೆಯಲ್ಲಿ ದೊಡ್ಡದು. ಅಲ್ಲಿಯ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾನ್ ಶಾಂಡೆಲ್ ಅವರು ಪುರುಷರ ವಾಲಿಬಾಲಿಗೆ ಅಡಿಪಾಯ ಹಾಕಿದರೆ, ಮಗ ಸ್ಟೀವ್ ಶಾಂಡೆಲ್ ಮನ್ಸಿಯಾನಾ ಎಂಬ ಕ್ಲಬ್ಬಿನ ಮೂಲಕ ಹುಡುಗಿಯರ ತಲೆಮಾರುಗಳನ್ನೇ ತಯಾರು ಮಾಡಿದರು. ಬಾಲ್ ಸ್ಟೇಟ್‌ನ ಪದವೀಧರರಾದ ಶೆಫೀಲ್ಡ್ ತರಬೇತಿಯ ಅಕ್ಷರಾಭ್ಯಾಸ ಮಾಡಿದ್ದು ಈ ಕ್ಲಬ್ಬಿನ ಅಂಗಳದಲ್ಲೇ. ಮುಂದೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಆ ಬಳಿಕ ಓಹಾಯೋದ ಡೇಟನ್ ವಿಶ್ವವಿದ್ಯಾಲಯಗಳಲ್ಲಿ ಮುಖ್ಯ ತರಬೇತುದಾರರಾದರು. ಎರಡೂ ದೊಡ್ಡ ಹೆಸರಿನ ತಂಡಗಳಲ್ಲ. ಎರಡನ್ನೂ ಅವರು ಎನ್‌ಸಿಎಎ ಟೂರ್ನಿಗೆ ಕೊಂಡೊಯ್ದರು.

ವಿಸ್ಕಾನ್ಸಿನ್‌ಗೆ ಕೀರ್ತಿ ಹೊಸದೇನಲ್ಲ. 2000ರಲ್ಲಿ ಪೀಟ್ ವೇಟ್ ಅವರ ತರಬೇತಿಯಲ್ಲಿ ಫೈನಲ್ ತಲುಪಿ ನೆಬ್ರಾಸ್ಕಾಕ್ಕೆ 2-3ರಿಂದ ಸೋತಿತ್ತು. ವಿಪರ್ಯಾಸವೆಂದರೆ, ಅಂದು ನೆಬ್ರಾಸ್ಕಾದ ತರಬೇತುದಾರರಾಗಿದ್ದ ಜಾನ್ ಕುಕ್ 1992ರಿಂದ 1998ರವರೆಗೆ ವಿಸ್ಕಾನ್ಸಿನ್ ತಂಡವನ್ನೇ ಪಳಗಿಸಿದವರು. ಆದರೆ 2008ರಿಂದ 2012ರವರೆಗೆ ಸತತ ಐದು ಋತುಗಳಲ್ಲಿ ತಂಡಕ್ಕೆ ಟೂರ್ನಿಯ ಆಮಂತ್ರಣ ಬರಲಿಲ್ಲ. ವೇಟ್ ನಿರ್ಗಮಿಸಿದರು, ಶೆಫೀಲ್ಡ್ ಬಂದರು.

ಮೊದಲ ವರ್ಷವೇ ಅಚ್ಚರಿ ಕಾದಿತ್ತು. 2013ರ ಟೂರ್ನಿಯಲ್ಲಿ ಹನ್ನೆರಡನೆಯ ಶ್ರೇಯಾಂಕದ ವಿಸ್ಕಾನ್ಸಿನ್, ಸಿಯಾಟಲ್‌ನ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಟೆಕ್ಸಸ್ ತಂಡವನ್ನು ಮಣಿಸಿತು. ಫೈನಲ್‌ನಲ್ಲಿ ಪೆನ್ ಸ್ಟೇಟ್‌ಗೆ 1-3ರಿಂದ ಸೋತರೂ ತಂಡದ ಹೆಸರು ದೇಶದ ತುಂಬ ಹಬ್ಬಿತು. ಇದನ್ನು ಪವಾಡವೆಂದು ಬಣ್ಣಿಸಿದವರೇ ಹೆಚ್ಚು. ನ್ಯಾಯವಾಗಿ ನೋಡಿದರೆ ಇದರಲ್ಲಿ ವೇಟ್ ಅವರ ಪಾಲೂ ಇದೆ. ಅಂಗಳಕ್ಕಿಳಿದವರಲ್ಲಿ ಬಹುತೇಕರು ಅವರು ಆರಿಸಿ ತಂದವರು. ತಂಡದ ಕೇಂದ್ರಬಿಂದುವಾದ ಹೊಸ ಸೆಟ್ಟರ್ ಲಾರೆನ್ ಕಾರ್ಲಿನಿ ಕೂಡ ಅವರ ಕಾಲದಲ್ಲಿಯೇ ಸೇರಲೊಪ್ಪಿದ್ದ ಹುಡುಗಿ. ನಷ್ಟದ ಶಾಖೆಗೆ ಹೊಸ ಮ್ಯಾನೇಜರ್ ಬಂದ ವರ್ಷವೇ ಲಾಭ ತೋರಿದರೆ ಶಹಬ್ಬಾಸ್‌ಗಿರಿ ಹೊಸಬರಿಗೆ ಸಲ್ಲುವುದು ನಮ್ಮ ಬ್ಯಾಂಕುಗಳಲ್ಲಿಯೂ ವಾಡಿಕೆ! ಶೆಫೀಲ್ಡ್ ಅವರ ನಿಜವಾದ ಸಾಧನೆಯನ್ನು ಮುಂದಿನ ಎಂಟು ವರ್ಷಗಳಲ್ಲಿ ಹುಡುಕಬೇಕು.

ಆ ವರ್ಷಗಳು ಸುಖದವಲ್ಲ. 2014ರಲ್ಲಿ ಬಿಗ್ ಟೆನ್ ಒಕ್ಕೂಟದ ಪ್ರಶಸ್ತಿ ಬಂತು, ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ. 2016ರ ಡಿಸೆಂಬರ್‌ನಲ್ಲಿ, ಸೆಮಿಫೈನಲ್ ಪ್ರವೇಶಕ್ಕೆ ನಿರ್ಣಾಯಕವಾದ ಪಂದ್ಯ ಮ್ಯಾಡಿಸನ್‌ನಲ್ಲಿ, ಸ್ವಂತ ಪ್ರೇಕ್ಷಕರ ಎದುರು. ಸ್ಟ್ಯಾನ್‌ಫರ್ಡ್ ವಿರುದ್ಧ ಎರಡು ಸೆಟ್ ಗೆದ್ದಾಗಿತ್ತು. ಇನ್ನೊಂದು ಸೆಟ್ ಸಾಕಿತ್ತು. ಉಳಿದ ಮೂರನ್ನೂ ಸೋತರು. ಅಂತಿಮ ವರ್ಷದಲ್ಲಿದ್ದ ಕಾರ್ಲಿನಿಯ ಕಾಲೇಜು ಜೀವನ ಅಲ್ಲಿಗೆ ಮುಗಿಯಿತು. ಅಮೇರಿಕದ ಅತ್ಯುತ್ತಮ ಅಮೆಚೂರ್ ಕ್ರೀಡಾಪಟುವಿಗೆ ಸಲ್ಲುವ ಸಲಿವನ್ ಪ್ರಶಸ್ತಿಯನ್ನು ಆ ವರ್ಷದ ಸಾಧನೆಗಾಗಿ ಪಡೆದು, ಆ ಗೌರವಕ್ಕೆ ಪಾತ್ರರಾದ ಪ್ರಥಮ ವಾಲಿಬಾಲ್ ಪಟುವೆನಿಸಿದ ಆಕೆಗೆ ತಂಡದ ಪ್ರಶಸ್ತಿ ಮಾತ್ರ ದಕ್ಕಲಿಲ್ಲ.

ಮರುವರ್ಷ ಬಂದ ಆರಡಿ ಎಂಟಂಗುಲದ ಮಿಡಲ್ ಬ್ಲಾಕರ್ ಡೇನಾ ರೆಟ್ಕಿ ಹಾಗೂ ಅವರದೇ ತಂಡದ ಸೆಟ್ಟರ್ ಸಿಡ್ನಿ ಹಿಲಿ ಎರಡನೆಯ ಅಧ್ಯಾಯದ ನಾಯಕಿಯರು. ಮಿಡಲ್ ಬ್ಲಾಕರ್ ಎಷ್ಟೇ ಎತ್ತರವಿದ್ದರೂ ಸೆಟ್ಟರ್ ಜೊತೆಗಿನ ಹೊಂದಾಣಿಕೆಯಿಲ್ಲದೆ ಪ್ರಯೋಜನವಿಲ್ಲ. ಚೆಂಡು ಕೈಸೇರುವ ಮುನ್ನವೇ ಆಕೆ ನೆಗೆದಿರಬೇಕು. ಅಂಥ ಹೊಂದಾಣಿಕೆಗೆ ವರ್ಷಗಳ ಅಭ್ಯಾಸ ಬೇಕು. 2019ರ ಫೈನಲ್‌ನಲ್ಲಿ ಮತ್ತೆ ಸ್ಟ್ಯಾನ್‌ಫರ್ಡ್‌ಗೆ 0-3ರ ಸೋಲು. ಕೊರೋನಾದಿಂದ ಮುಂದೂಡಲ್ಪಟ್ಟು 2021ರ ವಸಂತದಲ್ಲಿ ನಡೆದ ಋತುವಿನಲ್ಲಿ ಸೆಮಿಫೈನಲ್‌ವರೆಗೆ ಅಜೇಯರಾಗಿ ಸಾಗಿ, ಅಲ್ಲಿ ಟೆಕ್ಸಸ್‌ಗೆ ಶರಣು.

ಕೊರೋನಾ ಕಾರಣ ಎನ್‌ಸಿಎಎ ಎಲ್ಲರಿಗೂ ಒಂದು ಹೆಚ್ಚುವರಿ ವರ್ಷ ಆಡುವ ಅವಕಾಶ ನೀಡಿತು. ರೆಟ್ಕಿ, ಹಿಲಿ ಮೊದಲಾದ ಹಿರಿಯರು ಹೊರಟುಹೋಗಬಹುದಿತ್ತು, ಹೋಗಲಿಲ್ಲ. ತರಬೇತುದಾರರ ಮೇಲಿನ ವಿಶ್ವಾಸಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕೇ? 2021ರ ಡಿಸೆಂಬರ್‌ನಲ್ಲಿ ಕೊಲಂಬಸ್ ನಗರದಲ್ಲಿ, ಅದುವರೆಗೆ ಒಂದೂ ಪಂದ್ಯ ಸೋಲದ ಲೂಯಿವಿಲ್ ತಂಡವನ್ನು ಐದು ಸೆಟ್‌ಗಳಲ್ಲಿ ಗೆದ್ದರು. ಡಿಸೆಂಬರ್ 18ರ ಫೈನಲ್‌ನಲ್ಲಿ ಎದುರಾಳಿ ಮತ್ತದೇ ಜಾನ್ ಕುಕ್ ಅವರ ನೆಬ್ರಾಸ್ಕಾ. 22-25, 31-29, 25-23, 23-25, 15-12. ಎರಡನೆಯ ಸೆಟ್ ಕೈತಪ್ಪಿದ್ದರೆ ಕಥೆ ಬೇರೆಯಾಗುತ್ತಿತ್ತು. ಆರಡಿ ಒಂಬತ್ತಂಗುಲದ ಪ್ರಥಮ ವರ್ಷದ ವಿದ್ಯಾರ್ಥಿನಿ ಆನಾ ಸ್ಮ್ರೆಕ್ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿದರು. ಅಂದು ನೆರೆದಿದ್ದ 18,755 ಪ್ರೇಕ್ಷಕರದು ಆ ಕಾಲಕ್ಕೆ ಎನ್‌ಸಿಎಎ ವಾಲಿಬಾಲ್ ದಾಖಲೆ.

2019ರಿಂದ 2022ರವರೆಗೆ ಬಿಗ್ ಟೆನ್ ಪ್ರಶಸ್ತಿ ಸತತ ನಾಲ್ಕು ಬಾರಿ ವಿಸ್ಕಾನ್ಸಿನ್ ಪಾಲಾಯಿತು. ತಂಡದ ಸ್ವಂತ ಅಂಗಳವಾದ, 1930ರಲ್ಲಿ ಕಟ್ಟಿದ ಹಳೆಯ ಫೀಲ್ಡ್ ಹೌಸ್ ಸಾಲದೆ, 2022ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾ ವಿರುದ್ಧದ ಪಂದ್ಯವನ್ನು ಕೋಲ್ ಸೆಂಟರ್‌ನಲ್ಲಿ ಏರ್ಪಡಿಸಿದಾಗ 16,833 ಜನ ಬಂದರು. 2023ರಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಟೆಕ್ಸಸ್ ಎದುರು ಸೋಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೇರಿಕ ತಂಡದಲ್ಲಿ ಶೆಫೀಲ್ಡ್ ಅವರ ಶಿಷ್ಯೆಯರಿಬ್ಬರಿದ್ದರು: ಒಬ್ಬರು ರೆಟ್ಕಿ, ಇನ್ನೊಬ್ಬರು ಕಾರ್ಲಿನಿ.